ಶಬ್ದಗಳ ಖಾತೆ

ವ್ಯಾಪಾರಿಯ ಗದ್ದುಗೆಯಲ್ಲಿ ಎರಡು ಪುಸ್ತಕಗಳಿರುತ್ತವೆ. ಕೀರ್ದಿಯಲ್ಲಿ ವ್ಯವಹಾರವನ್ನು ದಿನದ ಕ್ರಮದಲ್ಲಿಯೂ ಖಾತೆಯಲ್ಲಿ ಅದನ್ನೇ ಹೆಸರಿನ ಕ್ರಮದಲ್ಲಿಯೂ ಬರೆಯುತ್ತೇವೆ. ಖಾತೆಯಿಲ್ಲದೆ ಬರಿಯ ಕೀರ್ದಿಯಲ್ಲಿ ಒಬ್ಬರ ಬಾಕಿಯನ್ನು ಹುಡುಕುವುದು ಕಾಡು ಹೊಕ್ಕ ದನವನ್ನು ಅರಸಿದಂತೆ. ಲೊಕ್ಕನಹಳ್ಳಿಯ ಅಂಗಡಿಯಲ್ಲಿ ಕುಳಿತು ಬಹುಕಾಲ ಈ ಕೆಲಸ ಮಾಡಿದ ನನಗೆ, ಶಬ್ದಗಳಿಗೂ ಖಾತೆ ಬರೆದ ನಮ್ಮ ಪೂರ್ವಿಕರ ವಿಷಯದಲ್ಲಿ ಕುತೂಹಲ ಹುಟ್ಟಿದುದು ಸಹಜ. ಮೆಟ್ರಿಕ್‌ವರೆಗೆ ಮಾತ್ರ ಓದಿದವನ ಈ ಸಾಹಸವನ್ನು ಪಂಡಿತರು ಮನ್ನಿಸಬೇಕು.

ಕನ್ನಡ ನಿಘಂಟುಗಳಲ್ಲಿ ಮೊದಲನೆಯದೆಂದು ಹೇಳಲಾಗುವ 'ರನ್ನಕಂದ' ಕವಿಚಕ್ರವರ್ತಿ ರನ್ನನ ಹೆಸರಿನಲ್ಲಿದೆ. ಅದರ ಕೆಲವೇ ಪದ್ಯಗಳು ಉಳಿದಿವೆ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಸಿದ ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು ಲೊಕ್ಕಿಗುಂಡಿ, ಎಂದರೆ ಇಂದಿನ ಲಕ್ಕುಂಡಿ. ಲೊಕ್ಕಿಯೆಂದರೆ ನಮ್ಮ ಬೇಲಿಗಳಲ್ಲಿ ಬೆಳೆಯುವ ಲಕ್ಕಿಗಿಡ. ನಮ್ಮೂರಿನ ಹೆಸರಿಗೂ ಆ ಊರಿನ ಹೆಸರಿಗೂ ನಂಟನ್ನು ಕಲ್ಪಿಸಿಕೊಳ್ಳುವುದು ನನಗೆ ಪ್ರಿಯವಾದ ವಿನೋದ.

ಅನಂತರ ಇಮ್ಮಡಿ ನಾಗವರ್ಮನ ಅಭಿಧಾನವಸ್ತುಕೋಶ, 1398ರ ಮಂಗರಾಜನ ನಿಘಂಟು, ದೇವೋತ್ತಮನ ನಾನಾರ್ಥರತ್ನಾಕರ ಮೊದಲಾದುವು ಬಂದುವು. ಇವು ಇಂದಿನ ಅಕಾರಾದಿ ಕೋಶಗಳಲ್ಲ. ಓದುವವನು ಹಾಳೆ ಮಗುಚಿ ಹುಡುಕುವವನಾಗಿರಲಿಲ್ಲ, ಪದ್ಯವನ್ನು ಬಾಯಿಪಾಠ ಮಾಡುವವನಾಗಿದ್ದನು. ಆದುದರಿಂದ ಅಕ್ಷರಕ್ಕಿಂತ ಅರ್ಥಕ್ಕೂ ಛಂದಸ್ಸಿಗೂ ಪ್ರಾಧಾನ್ಯ ದೊರೆಯಿತು. ಆದರೆ ಅಕ್ಷರಕ್ರಮವನ್ನು ನಮಗೆ ಪರದೇಶದವರೇ ಕಲಿಸಿದರೆನ್ನುವ ಮಾತು ಸರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ತಮ್ಮ ದೇಶೀನಾಮಮಾಲೆಯಲ್ಲಿ ಸಂಸ್ಕೃತದಿಂದ ಸಾಧಿಸಲಾಗದ ದೇಶ್ಯಪದಗಳನ್ನು ಮೊದಲ ಅಕ್ಷರದಂತೆಯೂ, ಅದರೊಳಗೆ ಎರಡಕ್ಷರ, ಮೂರಕ್ಷರ ಎಂಬ ಎಣಿಕೆಯಂತೆಯೂ ಜೋಡಿಸಿದರು. ಎಣಿಕೆ ಬಲ್ಲವರ ಬುದ್ಧಿಯದು!

ಪಟ್ಟಿಯ ಬೆಲೆಯೇನೆಂಬುದನ್ನು ಕೇಶಿರಾಜನಲ್ಲಿ ನೋಡಬೇಕು. ಆಡುಮಾತಿನಿಂದ ೞ ಅಕ್ಷರ ಜಾರಿಹೋಗುತ್ತಿದ್ದಾಗ, ಆತನು ಶಬ್ದಮಣಿದರ್ಪಣದಲ್ಲಿ ಆ ಅಕ್ಷರವುಳ್ಳ ಪದಗಳನ್ನು ಒಟ್ಟುಮಾಡಿಟ್ಟನು. ಯಾವ ಪದದಲ್ಲಿ ಳಕಾರ, ಯಾವುದರಲ್ಲಿ ೞಕಾರವೆಂದು ತಿಳಿಯಬಯಸುವವರಿಗೆ ಆ ಪಟ್ಟಿ ಇಂದಿಗೂ ಆಧಾರ. ಆ ಗ್ರಂಥವನ್ನು 1872ರಲ್ಲಿ ಅಚ್ಚುಹಾಕಿಸಿದ ಕಿಟ್ಟೆಲರು, 1894ರಲ್ಲಿ ಸುಮಾರು 70,000 ಪದಗಳ ಅಕಾರಾದಿ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಹೊರಬಂದುವು. ಅದರಲ್ಲಿ ಪಂಪ, ಪೊನ್ನ, ರನ್ನರ ಪ್ರಯೋಗಗಳನ್ನು ಕಂಡು ಯಾರ ಮನಸ್ಸು ತುಂಬದು?

ಪಟ್ಟಿಯಿಂದ ಹೊರಗುಳಿದವರ ಪಾಡು ಬೇರೆ. ರೈಸರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಎಳಂದೂರು ಜಾಗೀರಿನ ಶಾಸನಗಳಿವೆ. ನೆರೆಯ ಕೊಳ್ಳೇಗಾಲ ಸೀಮೆಯವು ಇಲ್ಲ. ಕಲ್ಲುಗಳೂ ಕನ್ನಡವೂ ಇಲ್ಲಿ ಇರಲಿಲ್ಲವೆಂದಲ್ಲ. ಆಗ ನಾವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿದ್ದೆವು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟದಲ್ಲಿ ಎರಡು ತಾಲ್ಲೂಕುಗಳೂ ಒಂದಾದುವು.

ಎಳಂದೂರೆಂದಾಗ ನನ್ನದೇ ತಪ್ಪೊಂದು ನೆನಪಾಗುತ್ತದೆ. ಪರಊರಿನ ಗಿರಾಕಿಗಳ ಖಾತೆಯನ್ನು ಊರಿನ ಹೆಸರಿನಿಂದ ಬರೆಯುವುದು ನಮ್ಮ ರೂಢಿ. ಅಲ್ಲಿಯ ಹಿರಿಯರೊಬ್ಬರು ಹಣ ತಂದುಕೊಟ್ಟಾಗ ನನ್ನ ಮಗನು 'ಯಳಂದೂರು' ಎಂದು ಯಕಾರದಲ್ಲಿ ಜಮಾ ಬರೆದಿದ್ದನು. ನಾನು 'ಎಳಂದೂರು' ಎಂದು ಎಕಾರವನ್ನು ತೆರೆದು, ನಾಲ್ಕು ಜನರೆದುರಿಗೆ ಬಾಕಿ ಕೇಳಿದೆನು. ಅವರು ಮಾತನಾಡದೆ ಜೇಬಿನಿಂದ ನಮ್ಮ ಅಂಗಡಿಯದೇ ರಶೀದಿಯನ್ನು ತೆಗೆದು ಮುಂದಿಟ್ಟರು. ಅಂದಿನಿಂದ ನಮ್ಮ ಖಾತೆಯ ಎಕಾರದ ಹಾಳೆಯ ಮೇಲ್ಗಡೆ ಕೆಂಪು ಮಸಿಯಲ್ಲಿ 'ಯಕಾರವನ್ನೂ ನೋಡಿ' ಎಂದು ಬರೆದಿರುತ್ತದೆ.