ಕಾಲುವೆ ವಿನ್ಯಾಸ: ಕರ್ನಾಟಕದಲ್ಲಿ ಬೆಳೆದು ಬಂದ ಬಗೆ

ನದಿಯ ಅಥವಾ ಜಲಾಶಯದ ನೀರನ್ನು ಇಳಿಜಾರಿನ ಬಲದಿಂದಲೇ ಹೊಲಗದ್ದೆಗಳಿಗೆ ಹರಿಸುವ ದಾರಿಯನ್ನು ಗೊತ್ತುಮಾಡುವ ಶಾಸ್ತ್ರ. ತೂಬಿನ ಎತ್ತರ, ನಾಲೆಯ ಜಾಡು, ತಳದ ಇಳುಕಲು, ಅಗಲ ಆಳಗಳ ಲೆಕ್ಕ ಇದರ ಒಂದು ಭಾಗ. ಯಾವ ಊರಿನ ಎಷ್ಟು ಎಕರೆಗೆ, ಯಾವ ಬೆಳೆಗೆ, ಯಾವ ಸರದಿಯಲ್ಲಿ ನೀರು ಎಂಬುದು ಇನ್ನೊಂದು ಭಾಗ. ಕರ್ನಾಟಕದಲ್ಲಿ ಹೆಚ್ಚು ಕಾಡಿದ್ದು ಈ ಎರಡನೆಯದು.

ಕಾಲುವೆ ತೋಡುವುದು ಇಲ್ಲಿ ಬಹು ಹಿಂದೆಯೇ ಒಂದು ವಿದ್ಯೆಯೆನಿಸಿತ್ತು. 1388ರ ಶಾಸನವೊಂದರ ಪ್ರಕಾರ, ಪ್ರಜೆಗಳ ಸುಖಕ್ಕಾಗಿ ಹೆನ್ನೆ ನದಿಯನ್ನು ಪೆನುಗೊಂಡೆಗೆ ತರುವಂತೆ ವಿಜಯನಗರದ ಪ್ರತಾಪ ಬುಕ್ಕರಾಯನು ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಗೆ ಆಜ್ಞಾಪಿಸಿದ. ಆತ ಸಿರುವೆರ ಕೆರೆಗೆ ಕಾಲುವೆ ತಂದು ಅದಕ್ಕೆ ಬುಕ್ಕರಾಯನ ಹೆಸರಿಟ್ಟ. ಕಟ್ಟಿಸಿದವನ ಪಕ್ಕದಲ್ಲಿ ಕಾಲುವೆಯನ್ನು ರೂಪಿಸಿದವನ ಹೆಸರೂ ಉಳಿದುಬಂದಿರುವುದು ಅಪರೂಪ. ತುಂಗಭದ್ರೆಯಲ್ಲಿ ವಿಜಯನಗರದವರು ಹೊಳೆಯ ನಡುವಿನ ಬಂಡೆಗಳನ್ನೇ ಆಸರೆಯಾಗಿ ಹಿಡಿದು ತಗ್ಗು ಅಣೆಗಳನ್ನು ಕಟ್ಟಿದರು. ಹಂಪಿಯ ಕಣಿವೆಗೆ ನೀರುಣಿಸುವ ತುರ್ತು ಕಾಲುವೆ ಈಗಲೂ ಹರಿಯುತ್ತಿದೆ.

ಕಾವೇರಿಯ ಹಳೆಯ ನಾಲೆಗಳಾದ ಚಿಕ್ಕದೇವರಾಜ, ವಿರಿಜಾ, ಬಂಗಾರದೊಡ್ಡಿ ನಾಲೆಗಳದ್ದೂ ಇದೇ ಬಗೆ. ಬಂಗಾರದೊಡ್ಡಿ ನಾಲೆ ಹೊಳೆಯ ಒಂದು ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣವನ್ನು ಸೇರುತ್ತದೆ. ಆದರೆ ತಗ್ಗು ಅಣೆ ನೀರನ್ನು ಕೆಲವೇ ಅಡಿ ಎತ್ತಬಲ್ಲದು. ಹಾಗಾಗಿ ಈ ನಾಲೆಗಳು ಹೊಳೆಯ ಮಗ್ಗುಲಲ್ಲೇ ಸಾಗಿ ತಗ್ಗಿನ ನೆಲವನ್ನಷ್ಟೇ ನೆನೆಸಿದವು. ದಿಣ್ಣೆಯಾಚೆಯ ಮಂಡ್ಯ, ಮದ್ದೂರಿನ ಬಯಲು ಮಳೆಯನ್ನೇ ನಂಬಿಕೊಂಡಿತ್ತು.

ಇಳುಕಲಿನ ಲೆಕ್ಕ ಸೂತ್ರವಾಗಿ ರೂಪುಗೊಂಡದ್ದು ಉತ್ತರ ಭಾರತದ ದೊಡ್ಡ ನಾಲೆಗಳಲ್ಲಿ. 1854ರಲ್ಲಿ ತೆರೆದ ಗಂಗಾ ಕಾಲುವೆಯ ಇಳುಕಲು ಹೆಚ್ಚಾಗಿ ತಳ ಕೊರೆದುಹೋಯಿತು. ಇಳುಕಲು ಕಡಿಮೆಯಾದರೆ ಹೂಳು ತುಂಬುತ್ತದೆ. ಹೂಳೂ ನಿಲ್ಲದ, ತಳವೂ ಕೊರೆಯದ ವೇಗವನ್ನು ಪಂಜಾಬಿನ ಬಾರಿ ದೋಆಬ್ ಕಾಲುವೆಯ ಅಳತೆಗಳಿಂದ ಆರ್.ಜಿ. ಕೆನಡಿ 1895ರಲ್ಲಿ ಸೂತ್ರಕ್ಕೆ ಇಳಿಸಿದರು.

ಹಂಚಿಕೆಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಮುಂಬಯಿ ಪ್ರಾಂತ್ಯದ ನೀರಾ ನಾಲೆಯಲ್ಲಿ ಮೇಲಿನ ಊರುಗಳ ಕಬ್ಬು ಬೆಳೆಗಾರರೇ ನೀರಿನ ಬಹುಪಾಲು ಬಳಸುತ್ತಿದ್ದರು. ಅಲ್ಲಿ ಭೂಮಿ ಜೌಗಾಗುತ್ತಿತ್ತು, ಕೆಳಗಿನ ಊರುಗಳಿಗೆ ನೀರು ಮುಟ್ಟುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಬ್ಲಾಕ್ ಪದ್ಧತಿಯನ್ನು ಮುಂದಿಟ್ಟರು. ಹೆಚ್ಚು ಊರುಗಳಿಗೆ ಒಂದೊಂದು ಬ್ಲಾಕು. ಬ್ಲಾಕಿನೊಳಗೆ ಮೂರು ಪಾಲು, ಒಂದರಲ್ಲಿ ಕಬ್ಬು, ಇನ್ನೊಂದರಲ್ಲಿ ಭತ್ತ, ಮತ್ತೊಂದರಲ್ಲಿ ಕಡಿಮೆ ನೀರು ಸಾಕಾಗುವ ಅರೆ ಖುಷ್ಕಿ ಬೆಳೆ. ಮೂರು ವರ್ಷಕ್ಕೆ ಒಂದು ಸುತ್ತು. ನಮ್ಮ ನೀರಾವರಿ ಚಿಂತನೆಯಲ್ಲಿ ಇದಕ್ಕಿಂತ ನ್ಯಾಯವಾದ ಕಲ್ಪನೆ ವಿರಳ. ಕಾಲುವೆಯ ಗಾತ್ರ ಬೆಳೆಯ ಸರದಿಯಿಂದ ನಿರ್ಧಾರವಾಗುತ್ತದೆ, ಒಂದು ಕಡೆ ಭತ್ತವೇ ತುಂಬಿದರೆ ಇನ್ನೊಂದು ಕಡೆ ಹೊಲ ಒಣಗುತ್ತದೆ ಎಂಬ ತಿಳಿವಳಿಕೆ ಅದರಲ್ಲಿದೆ.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟು ದಿಣ್ಣೆ ದಾಟಲು ಬೇಕಾದ ಎತ್ತರವನ್ನು ಒದಗಿಸಿತು. ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಬಳಿ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗದಲ್ಲಿ ದಿಣ್ಣೆಯನ್ನು ಹಾಯುತ್ತದೆ. ಸುಮಾರು 1,20,000 ಎಕರೆಯ ಅಚ್ಚುಕಟ್ಟಿಗೆ ಬ್ಲಾಕ್ ಪದ್ಧತಿಯನ್ನೇ ಆಧಾರವಾಗಿಟ್ಟುಕೊಳ್ಳಲಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಗಿ ಕಬ್ಬಿಗೆ ಮಾರುಕಟ್ಟೆ ಸಿಕ್ಕಿತು. ಕಾಲಕ್ರಮದಲ್ಲಿ ಅರೆ ಖುಷ್ಕಿ ಬೆಳೆಯ ಪಾಲನ್ನು ಭತ್ತ, ಕಬ್ಬುಗಳೇ ಆಕ್ರಮಿಸಿದವು.

ತುಂಗಭದ್ರಾ ಎಡದಂಡೆ ನಾಲೆಯಲ್ಲಿ ವಿನ್ಯಾಸಕ್ಕೂ ಬೆಳೆಗೂ ನಡುವಿನ ಈ ಬಿರುಕು ಇನ್ನೂ ಅಗಲ. ಸುಮಾರು 227 ಕಿ.ಮೀ. ಉದ್ದದ ಈ ನಾಲೆಯನ್ನು ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳಿಗೆ ತೆಳುವಾಗಿ ನೀರು ಹಂಚಲೆಂದು ರೂಪಿಸಲಾಗಿತ್ತು. ಗಂಗಾವತಿ, ಸಿಂಧನೂರಿನ ಕಡೆ ಭತ್ತ ಹರಡಿತು. ಬಸಿಗಾಲುವೆಗಳು ಸಾಲದೆ ಎಷ್ಟೋ ನೆಲ ಸವುಳಾಯಿತು. ರಾಯಚೂರಿನ ಕೊನೆಭಾಗದ ರೈತರು ನೀರಿಗಾಗಿ ಬೀದಿಗಿಳಿಯುವುದು ವಾಡಿಕೆಯಾಗಿಬಿಟ್ಟಿದೆ. ಅವರ ಹೊಲದವರೆಗೆ ನಾಲೆ ಇದೆ, ನಕ್ಷೆಯಲ್ಲಿ ನೀರೂ ಇದೆ.

ಈಚಿನ ಸುಧಾರಣೆಗಳು ಹೆಚ್ಚಾಗಿ ಕಾಂಕ್ರೀಟ್ ಲೈನಿಂಗ್ ಮತ್ತು ಗೇಟುಗಳತ್ತ ಗಮನ ಕೊಟ್ಟಿವೆ. ಕೃಷ್ಣೆಯ ನಾರಾಯಣಪುರ ಎಡದಂಡೆ ನಾಲೆಯಲ್ಲಿ ಸ್ಕಾಡಾ ಎಂಬ ದೂರನಿಯಂತ್ರಣ ವ್ಯವಸ್ಥೆಯಿಂದ ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸಬಹುದಾಗಿದೆ.