ತಳದಲ್ಲಿರುವ ಕೆಲಸ: ಕೊಳವೆಬಾವಿಯ ಸೀಮೆಯಿಂದ ಆಳಗಡಲ ತೈಲಬಾವಿಯತ್ತ

ಕಡಲ ತೈಲವೆಂದರೆ ಕಣ್ಣಿಗೆ ಕಟ್ಟುವುದು ನೀರಿನಲ್ಲಿ ಕಾಲೂರಿ ನಿಂತ ಉಕ್ಕಿನ ಅಟ್ಟಣೆ. ಸುಮಾರು 75 ಮೀಟರ್ ನೀರಿರುವ ಬಾಂಬೆ ಹೈಗೆ ಈ ಚಿತ್ರ ಒಪ್ಪುತ್ತದೆ. 1500 ಮೀಟರ್ ದಾಟಿದ ಕಡಲಿಗೆ ಒಪ್ಪದು. ಅಲ್ಲಿ ಅಟ್ಟಣೆ ತೇಲುತ್ತದೆ, ಹಗ್ಗ-ಸರಪಳಿಗಳು ಅದನ್ನು ತಳಕ್ಕೆ ಬಿಗಿದಿರುತ್ತವೆ. ಅಷ್ಟು ಆಳದಲ್ಲಿ ಉತ್ಪಾದನೆಯ ಅಳಿವು-ಉಳಿವು ನಿರ್ಧಾರವಾಗುವುದು ಕಡಲತಳದಲ್ಲಿ ಎಂಬುದು ಈ ಲೇಖನದ ವಾದ. ಎಣ್ಣೆಯೆಂದರೆ ಶೇಂಗಾ ಎಣ್ಣೆ ಎಂದೇ ಬಗೆಯುವ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತರಿಗೆ ಇದರ ಹಿಂದಿನ ಭೌತನಿಯಮ ಹೊಸದೇನಲ್ಲ.

ತೆರೆದ ಬಾವಿಯ ದಂಡೆಯ ಮೇಲಿನ ಪಂಪ್‌ಸೆಟ್ ನೀರನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜಕ್ಕೂ ನೀರನ್ನು ಮೇಲಕ್ಕೆ ನೂಕುವುದು ಗಾಳಿಯ ಒತ್ತಡ. ಅದರ ಶಕ್ತಿ ಸುಮಾರು 10 ಮೀಟರಿಗೆ ಮುಗಿಯುತ್ತದೆ, ಬಳಕೆಯಲ್ಲಿ ಇನ್ನೂ ಕಡಿಮೆ. ಹೀಗಾಗಿಯೇ ಬೋರು ಕೊರೆಸಿದ ಮೇಲೆ ಮೋಟರನ್ನೇ ನೀರಿನೊಳಗೆ ಇಳಿಸಬೇಕಾಯಿತು. ಆಳದಿಂದ ದ್ರವವನ್ನು ತಳ್ಳಬಹುದು, ಎಳೆಯಲಾಗದು. ಮೆಕ್ಸಿಕೋ ಕೊಲ್ಲಿಯಲ್ಲಿ ಸುಮಾರು 2450 ಮೀಟರ್ ನೀರಿನ ಮೇಲೆ ತೇಲುವ, 2010ರಲ್ಲಿ ಉತ್ಪಾದನೆ ಆರಂಭಿಸಿದ ಪರ್ಡಿಡೊ ಅಟ್ಟಣೆಯದೂ ಇದೇ ಕಥೆ. ಅಲ್ಲಿನ ಶಿಲಾಸ್ತರಗಳ ಒತ್ತಡ ಕಡಿಮೆ. ಅಷ್ಟುದ್ದದ ಎಣ್ಣೆಯ ಕಂಬದ ಭಾರವನ್ನು ಅದು ಎತ್ತಲಾರದು. ಆದ್ದರಿಂದ ಕಡಲತಳದಲ್ಲಿ ಹೂತ ಕೊಳವೆಗಳಲ್ಲೇ ಅನಿಲವನ್ನೂ ಎಣ್ಣೆಯನ್ನೂ ಬೇರ್ಪಡಿಸಿ, ಎಣ್ಣೆಯನ್ನು ವಿದ್ಯುತ್ ಪಂಪುಗಳು ಕೆಳಗಿನಿಂದ ಮೇಲಕ್ಕೆ ತಳ್ಳುತ್ತವೆ.

ಎಲ್ಲ ಬಾವಿಗೂ ಮೋಟರು ಬೇಕಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಕಿನಾಡದಾಚೆ, 2000 ಮೀಟರಿಗೂ ಆಳದ ನೀರಿನಲ್ಲಿ 2020ರ ಡಿಸೆಂಬರಿನಲ್ಲಿ ಆರಂಭವಾದ ಕೆಜಿ-ಡಿ6 ಅನಿಲಕ್ಷೇತ್ರದ ‘ಆರ್ ಕ್ಲಸ್ಟರ್’ ಎಂಬ ಬಾವಿಗಳ ಗುಂಪಿನಲ್ಲಿ ಅನಿಲ ತನ್ನ ಒತ್ತಡದಿಂದಲೇ ಬರುತ್ತದೆ. ಆದರೆ ಆ ಬಾವಿಗಳ ನೆತ್ತಿಯ ಮೇಲೆ ಅಟ್ಟಣೆಯೇ ಇಲ್ಲ! ಕವಾಟಗಳು ತಳದಲ್ಲಿವೆ, ಕೊಳವೆ ತಳದುದ್ದಕ್ಕೂ ಸಾಗಿ, ಆಳ ಕಡಿಮೆಯಿರುವಲ್ಲಿನ ಅಟ್ಟಣೆಯನ್ನು ತಲುಪುತ್ತದೆ. ಇಂಥ ಆಳದಲ್ಲಿ ಕಷ್ಟ ಚಳಿಯದು. ನಾಲ್ಕೈದು ಡಿಗ್ರಿಯ ನೀರು, ನೂರಾರು ಪಟ್ಟು ವಾತಾವರಣದ ಒತ್ತಡ. ಅನಿಲ ನೀರಿನಂಶದೊಡನೆ ಕೂಡಿ ಮಂಜುಗಡ್ಡೆಯಂಥ ಹೈಡ್ರೇಟ್ ಆಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಅದನ್ನು ತಡೆಯುವ ಗ್ಲೈಕಾಲನ್ನೂ ಬಾವಿಯ ಬಾಯಿಗೇ ಮುಟ್ಟಿಸಬೇಕು.

ಶುದ್ಧೀಕರಣ, ವಿದ್ಯುತ್ತು, ನಿಯಂತ್ರಣಗಳಿಗೆ ಮೇಲ್ಭಾಗ ಬೇಕೇಬೇಕು; ಅದನ್ನು ಅಲ್ಲಗಳೆಯುತ್ತಿಲ್ಲ. ಹೋಲಿಕೆಗೂ ಮಿತಿಯಿದೆ. ಚಳ್ಳಕೆರೆಯಲ್ಲಿ ಮೋಟರು ಸುಟ್ಟರೆ ಪೈಪು ಎತ್ತಿ, ಪೇಟೆಗೊಯ್ದು ವೈಂಡಿಂಗ್ ಮಾಡಿಸಿ ಮತ್ತೆ ಇಳಿಸಬಹುದು. ಆ ಕಡಲತಳಕ್ಕೆ ಮುಳುಗುಗಾರರೂ ಇಳಿಯಲಾರರು, ದೂರನಿಯಂತ್ರಿತ ಯಂತ್ರಗಳೇ ಗತಿ. ತಳವೇ ನಿರ್ಣಾಯಕ ಎಂಬುದನ್ನು ಒಂದು ದುರಂತವೂ ತೋರಿಸಿತು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕಾಂಡೊ ತೈಲಬಾವಿ ಸ್ಫೋಟಿಸಿ 11 ಮಂದಿ ಪ್ರಾಣ ಕಳೆದುಕೊಂಡರು. ಅದನ್ನು ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ಅಟ್ಟಣೆ ಎರಡೇ ದಿನದಲ್ಲಿ ಮುಳುಗಿತು. ಸುಮಾರು 1500 ಮೀಟರ್ ಕೆಳಗಿನ ಬಾವಿಯಿಂದ ಮಾತ್ರ ಎಣ್ಣೆ 87 ದಿನ ಹರಿಯಿತು. ಅದು ನಿಂತದ್ದು ಜುಲೈ 15ರಂದು, ಬಾವಿಯ ಬಾಯಿಗೆ ಅಲ್ಲೇ ತಳದಲ್ಲಿ ಕೂರಿಸಿದ ಹೊಸ ಮುಚ್ಚಳದಿಂದ.