ಶಾಂಪೂ ಸೀಸೆಯ ಗುಳ್ಳೆಗಳು

2021ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿದ್ದ ನಾವು ಆಮ್ಲಜನಕದ ಸಿಲಿಂಡರಿಗಾಗಿ ಜನ ಹಗಲಿರುಳು ಸಾಲುಗಟ್ಟಿ ನಿಂತುದನ್ನು ಕಂಡವರು. ನಮಗೆ ಅದು ಕೆಲವು ವಾರಗಳ ಸಂಕಟ. ಬಡ ದೇಶಗಳ ಮಕ್ಕಳ ವಾರ್ಡುಗಳಲ್ಲಾದರೋ ಅದು ನಿತ್ಯದ ಸಂಗತಿ. ತೀವ್ರ ನಿಗಾ ಘಟಕವಾಗಲಿ ವೆಂಟಿಲೇಟರ್ ಆಗಲಿ ಇಲ್ಲದ ಆಸ್ಪತ್ರೆಯಲ್ಲಿ, ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿರುವ ಮಗುವನ್ನು ಉಳಿಸಿಕೊಳ್ಳುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಚರಿತ್ರೆ ನಾವು ಅರಿಯಬೇಕಾದದ್ದು.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು, ಶ್ವಾಸಕೋಶ ಬಲಿಯದೆ ಉಸಿರಾಡಲು ಕಷ್ಟಪಡುತ್ತಿದ್ದ 20 ನವಜಾತ ಶಿಶುಗಳ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದರು. ಶ್ವಾಸನಾಳದಲ್ಲಿ ಸದಾ ಸ್ವಲ್ಪ ಒತ್ತಡವಿರುವಂತೆ ನೋಡಿಕೊಂಡರೆ, ಉಸಿರು ಬಿಟ್ಟಾಗಲೂ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳುವುದಿಲ್ಲ ಎಂಬುದು ಅವರ ಎಣಿಕೆ. ಆ ಶಿಶುಗಳಲ್ಲಿ 16 ಬದುಕಿದವು. ಈ ಒತ್ತಡವನ್ನು ಉಂಟುಮಾಡಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮಗುವಿನ ಮೂಗಿಗೆ ಆಮ್ಲಜನಕ ಹಾಯಿಸಿ, ಉಸಿರು ಹೊರಬರುವ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿದರೆ ಸಾಕು. ತುದಿ ಎಷ್ಟು ಸೆಂಟಿಮೀಟರ್ ಆಳದಲ್ಲಿದೆಯೋ ಅಷ್ಟು ಒತ್ತಡ. ಏಳುವ ಗುಳ್ಳೆಗಳೇ ಅದಕ್ಕೆ ಸಾಕ್ಷಿ.

ಈ ಸರಳ ತತ್ತ್ವ ಬಡವರ ವಾರ್ಡಿಗೆ ಬಂದ ಬಗೆ ಮನಕಲಕುವಂಥದು. 1996ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ತರಬೇತಿಯಲ್ಲಿದ್ದ ಯುವ ವೈದ್ಯ ಮೊಹಮ್ಮದ್ ಜೋಬಾಯರ್ ಚಿಸ್ತಿ, ಮಕ್ಕಳ ವಿಭಾಗದಲ್ಲಿ ಕಳೆದ ಮೊದಲ ರಾತ್ರಿಯೇ ಮೂರು ಮಕ್ಕಳು ನ್ಯುಮೋನಿಯಾದಿಂದ ಸತ್ತದ್ದನ್ನು ಕಂಡರು. ಮುಂದೆ ಮೆಲ್ಬರ್ನ್‌ನಲ್ಲಿ ಅವರು ಗುಳ್ಳೆಯ ಉಪಕರಣವನ್ನು ನೋಡಿದರು. ಅದರ ಬೆಲೆ ತಮ್ಮ ನಾಡಿಗೆ ಎಟುಕುವಂತಿರಲಿಲ್ಲ. ಊರಿಗೆ ಮರಳಿದ ಮೇಲೆ ಬಿಸಾಡಿದ್ದ ಶಾಂಪೂ ಸೀಸೆಯೊಂದು ಕಣ್ಣಿಗೆ ಬಿದ್ದಿತು. ಸೀಸೆಯಲ್ಲಿ ನೀರು ತುಂಬಿ, ಕೊಳವೆ ಇಳಿಬಿಟ್ಟು, ಅವರು ತಮ್ಮದೇ ಉಪಕರಣವನ್ನು ಸಿದ್ಧಪಡಿಸಿದರು.

2011ರಿಂದ 2013ರವರೆಗೆ ಢಾಕಾದ ಆಸ್ಪತ್ರೆಯಲ್ಲಿ ಅವರ ತಂಡ ಐದು ವರ್ಷದೊಳಗಿನ 225 ಮಕ್ಕಳ ಮೇಲೆ ಪ್ರಯೋಗ ನಡೆಸಿತು. ರೂಢಿಯ ಕಡಿಮೆ ಪ್ರಮಾಣದ ಆಮ್ಲಜನಕ ಪಡೆದ 67 ಮಕ್ಕಳಲ್ಲಿ 10 ಮಕ್ಕಳು ತೀರಿಕೊಂಡರೆ, ಗುಳ್ಳೆಯ ಸೀಸೆಯ ಆಸರೆ ಪಡೆದ 79 ಮಕ್ಕಳಲ್ಲಿ ತೀರಿಕೊಂಡವರು 3. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಿತ್ತು! ಆಫ್ರಿಕದ ಮಲಾವಿಯ ಸಲಿಮಾ ಜಿಲ್ಲಾ ಆಸ್ಪತ್ರೆಯಲ್ಲಿ 2015ರಿಂದ 2018ರವರೆಗೆ ಇದೇ ತತ್ತ್ವದ ಇನ್ನೊಂದು ಪ್ರಯೋಗ ನಡೆಯಿತು. ಆಯ್ದುಕೊಂಡ ಮಕ್ಕಳು ಹೆಚ್ಚು ಅಪಾಯದಲ್ಲಿದ್ದವರು: ಎಚ್‌ಐವಿಯ ಬಾಧೆ, ತೀವ್ರ ಅಪೌಷ್ಟಿಕತೆ ಅಥವಾ ರಕ್ತದಲ್ಲಿ ಆಮ್ಲಜನಕದ ತೀರಾ ಕೊರತೆ ಇದ್ದವರು. ವೈದ್ಯರ ದಿನನಿತ್ಯದ ಮೇಲ್ವಿಚಾರಣೆ ಅಲ್ಲಿರಲಿಲ್ಲ. ಗುಳ್ಳೆಯ ಆಸರೆ ಪಡೆದ 321 ಮಕ್ಕಳಲ್ಲಿ 53, ಸಾಮಾನ್ಯ ಆಮ್ಲಜನಕ ಪಡೆದ 323 ಮಕ್ಕಳಲ್ಲಿ 35 ಸಾವು. ಢಾಕಾದಲ್ಲಿ ಮಕ್ಕಳನ್ನು ಕಾಯ್ದ ವಿಧಾನದ ಜೊತೆ ಇಲ್ಲಿ ಸಾವುಗಳೇ ಹೆಚ್ಚಿದವು. ಮುಂದೆ ಇಥಿಯೋಪಿಯಾದ 12 ಸಾಮಾನ್ಯ ಆಸ್ಪತ್ರೆಗಳಲ್ಲಿ ಇದನ್ನು ಮತ್ತೆ ಪರೀಕ್ಷಿಸಲಾಯಿತು. 2024ರಲ್ಲಿ ಪ್ರಕಟವಾದ ವರದಿಯಂತೆ, ಅಲ್ಲಿ ಚಿಕಿತ್ಸೆ ವಿಫಲವಾದ ಸಂದರ್ಭಗಳು ಕಡಿಮೆಯಾದವು.

ಮಕ್ಕಳ ಸ್ಥಿತಿಯೂ ಬೇರೆ, ಊರುಗಳೂ ಬೇರೆ. ಎಲ್ಲ ವ್ಯತ್ಯಾಸವನ್ನೂ ಒಂದೇ ಕಾರಣಕ್ಕೆ ಕಟ್ಟಿಹಾಕುವುದು ತರವಲ್ಲ. ಆದರೂ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಹಾಸಿಗೆಯ ಬಳಿ ನಿಂತು ಎದೆಯ ಏರಿಳಿತ ನೋಡುವವರು, ಮೂಗಿನ ಕೊಳವೆ ಸರಿದರೆ ಸರಿಪಡಿಸುವವರು, ಮಗು ಸೋಲುತ್ತಿದೆಯೆಂದು ಬೇಗ ಗುರುತಿಸುವವರು ಇದ್ದಾಗಲೇ ಸೀಸೆ ಸಾಧನವಾಗುತ್ತದೆ. ಸರಕಾರಿ ಕಡತಗಳ ನಡುವೆ ಬದುಕು ಸವೆಸುವ ನಮಗೆ ಇನ್ನೊಂದು ಮಾತೂ ಗೊತ್ತು: ಉಪಕರಣ ಕೊಳ್ಳಲು ಮಂಜೂರಾತಿ ದೊರೆತಷ್ಟು ಸುಲಭವಾಗಿ ರಾತ್ರಿ ಪಾಳಿಯ ದಾದಿಯ ಹುದ್ದೆಗೆ ದೊರೆಯುವುದಿಲ್ಲ. ಗುಳ್ಳೆಗಳು ಏಳುತ್ತಿವೆಯೇ ಎಂದು ನೋಡಬೇಕಾದವರು ಅವರೇ.